ಗಾಜಿನ ನಾರಿನ ತೇಪೆ

ಶೆಟ್ಟಿಕೆರೆಯಲ್ಲಿ ನಾರೆಂದರೆ ತೆಂಗಿನದೇ. ಗಾಜಿಗೂ ನಾರುಂಟು ಅಂತ ನನಗೆ ತಿಳಿದದ್ದು, ಬಚ್ಚಲುಮನೆಗೆ ಬೆಳಕಿಗೆಂದು ಹೊದಿಸಿದ್ದ ಫೈಬರ್ ಶೀಟಿನ ಮೇಲೆ ಒಂದು ರಾತ್ರಿ ಕಾಯಿ ಬಿದ್ದು ಅಂಗೈಯಗಲ ಸೀಳಿದಾಗ.

ಶೀಟು ಬದಲಿಸಬೇಕಿಲ್ಲ. ಸೀಳಿನ ಸುತ್ತ ಹೊಳಪು ಹೋಗಿ ಒರಟಾಗುವವರೆಗೆ ಉಪ್ಪುಕಾಗದ ಹಾಕಿ ಉಜ್ಜಬೇಕು. ತೇಪೆಯ ಆಯಸ್ಸೆಲ್ಲ ಇಲ್ಲೇ ಇದೆ. ಆ ದೂಳು ಮೈಗೆ ಚುಚ್ಚುತ್ತದೆ, ಮಾಸ್ಕು, ಗ್ಲೌಸು ಬೇಕೇ ಬೇಕು. ತೇಪೆಗೆ ಬಳಿಯುವ ಪಾಲಿಯೆಸ್ಟರ್ ರೆಸಿನ್‌ಗೆ ಹಾರ್ಡನರ್ ನೂರಕ್ಕೆ 1ರಿಂದ 2 ಪಾಲು. ನಮ್ಮ ಬಿಸಿಲಿಗೆ ಕಡಿಮೆಯೇ ಲೇಸು. ಹೆಚ್ಚಾದರೆ ಡಬ್ಬಿಯಲ್ಲೇ ಕಾದು ಕಲ್ಲಾಗುತ್ತದೆ.

ಆಮೇಲಿನದು ಕಣ್ಣಿಟ್ಟು ನೋಡುವಂಥ ಕೆಲಸ. ಗಾಜಿನ ನಾರಿನ ಮ್ಯಾಟನ್ನು ಕತ್ತರಿಸಬಾರದು, ಕೈಯಲ್ಲಿ ಹರಿಯಬೇಕು. ಆಗ ಅಂಚಿನ ಎಳೆಗಳು ಹರಡಿಕೊಂಡು ಹಳೆಯ ಶೀಟಿನ ಜೊತೆ ಬೆರೆಯುತ್ತವೆ. ಸೀಳಿನ ಮೇಲೆ ರೆಸಿನ್ ಬಳಿದು ಮ್ಯಾಟು ಹಾಸಿ, ಬ್ರಷ್ಷಿನ ತುದಿಯಿಂದ ಮೆಲ್ಲಗೆ ಕುಟ್ಟುತ್ತ ಹೋದಂತೆ, ಹತ್ತಿಯ ಹಾಗೆ ಬೆಳ್ಳಗಿದ್ದ ಮ್ಯಾಟು ರೆಸಿನ್ ಕುಡಿದು ಎಳನೀರಿನ ಗಂಜಿಯಂತೆ ತಿಳಿಯಾಗುತ್ತದೆ. ಎಲ್ಲಾದರೂ ಬಿಳಿ ಉಳಿದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ, ಮತ್ತೆ ಕುಟ್ಟಬೇಕು. ಎಳೆತ ತಡೆಯುವುದು ನಾರು, ಆ ನಾರನ್ನು ಹಿಡಿದಿಡುವುದು ರೆಸಿನ್. ಹಗ್ಗದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡು ಮಳೆಗಾಲ ಕಳೆದರೂ ತೇಪೆ ಸೋರಿಲ್ಲ. ಬೆಳಗಿನ ಬಿಸಿಲು ಅದರೊಳಗಿಂದ ಕೊಂಚ ಹಳದಿಯಾಗಿ ಇಳಿದು ಹಂಡೆಯ ನೀರಿನ ಮೇಲೆ ಬೀಳುತ್ತದೆ.