ಋಣವೊ, ತಪ್ಪೊ? — ಕ್ರೈಸ್ತ ಪ್ರಾರ್ಥನೆಯ ಒಂದು ಮಾತಿನ ವಿಚಾರ

ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆ ಎರಡು ಭಾಷೆಗಳ ನಡುವೆ ಬಾಳುವ ಸೀಮೆ. ಬಜಾರಿನಲ್ಲಿ ತೆಲುಗು ಆಡಿದವನು ಮನೆಯಲ್ಲಿ ಕನ್ನಡವಾಡುವುದು ಇಲ್ಲಿ ಹೊಸತಲ್ಲ. ಆದುದರಿಂದ ಒಂದೇ ಗ್ರಂಥವನ್ನು ಎರಡು ನುಡಿಗಳಲ್ಲಿ ಕೇಳಿ ತೂಗಿನೋಡುವ ಅನುಕೂಲ ನಮಗೆ ಸಹಜವಾಗಿಯೇ ಉಂಟು. ಕ್ರೈಸ್ತಮತದ ತಿರುಳಾದ ಕ್ಷಮೆ, ವಿಮೋಚನೆಗಳ ಭಾವ ಈ ಎರಡು ನುಡಿಗಳಲ್ಲಿ ಹೇಗೆ ಇಳಿದಿದೆಯೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಕನ್ನಡ ಬೈಬಲ್ಲಿಗೂ ನಮ್ಮ ಸೀಮೆಗೂ ಹತ್ತಿರದ ನಂಟು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಭಾಷಾಂತರಕ್ಕೆ ಕೈಹಾಕಿದರು. ನಿಘಂಟುಕಾರ ವಿಲಿಯಂ ರೀವ್ ಅವರ ಜೊತೆಗಾರರು. 1831ರ ಹೊತ್ತಿಗೆ ಸಂಪೂರ್ಣ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಗುವವರೆಗೆ ಹಿಂದೂಪುರವೂ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಮುಂದೆ ಆ ಭಾಷಾಂತರವು ಪರಿಷ್ಕಾರಗಳನ್ನು ಕಂಡಿತು. ಬಹುಕಾಲದಿಂದ ಓದಿಕೊಂಡು ಬಂದ ಪರಿಷ್ಕೃತ ಪಾಠವನ್ನೇ ಇಲ್ಲಿ ಗಮನಿಸಿದೆ.

ಏಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿದೆ. ಅದರಲ್ಲಿ ಕ್ಷಮೆ ಬೇಡುವ ಮಾತಿಗೆ ತೆಲುಗು ಪಾಠದಲ್ಲಿ ‘ಋಣ’ವೆಂಬ ಪದವಿದೆ, ಕನ್ನಡದಲ್ಲಿ ‘ತಪ್ಪು’ ಎಂದಿದೆ. ಗ್ರೀಕ್ ಮೂಲದ ಪದಕ್ಕೆ ಸಾಲವೆಂದೇ ಅರ್ಥ. ಲೂಕನ 11ನೆಯ ಅಧ್ಯಾಯದಲ್ಲಿ ಇದೇ ಪ್ರಾರ್ಥನೆ ಬರುವಾಗ ಮೂಲದಲ್ಲಿ ಪಾಪವೆಂಬ ಪದವೇ ಇದೆ. ಎಂದರೆ ಮತ್ತಾಯನಲ್ಲಿ ತೆಲುಗು ಅಕ್ಷರವನ್ನು ಹಿಡಿಯಿತು, ಕನ್ನಡ ಅಭಿಪ್ರಾಯವನ್ನು ಹಿಡಿಯಿತು.

ಕನ್ನಡದ ಆಯ್ಕೆಗೆ ಸಮರ್ಥನೆ ಇಲ್ಲದಿಲ್ಲ. ನಮ್ಮಲ್ಲಿ ಋಣವೆಂದರೆ ಬರಿಯ ಸಾಲವಲ್ಲ. ಅನ್ನದ ಋಣ, ತಾಯಿಯ ಋಣ, ದೇವಋಣ, ಪಿತೃಋಣ, ಋಷಿಋಣ—ಇವು ತೀರಿಸಬೇಕಾದವು, ಕ್ಷಮಿಸೆಂದು ಬೇಡಿ ಕಳಚಿಕೊಳ್ಳತಕ್ಕವಲ್ಲ. ‘ಋಣವನ್ನು ಕ್ಷಮಿಸು’ ಎಂದರೆ ಕನ್ನಡದ ಕಿವಿಗೆ ಕೃತಘ್ನತೆಯಂತೆ ಕೇಳಿಸೀತು.

ಆದರೂ ಇದರಿಂದ ಒಂದು ನಷ್ಟವಾಗಿದೆ. ಅದೇ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಅರಸನಿಗೆ 10,000 ತಲಾಂತು ಸಾಲಗಾರನಾದ ಸೇವಕನ ಕಥೆಯಿದೆ. ಒಂದು ತಲಾಂತು 6,000 ದಿನಗಳ ಕೂಲಿ. ಆತನ ಸಾಲ 6 ಕೋಟಿ ದಿನಗಳ ಕೂಲಿ. ಅರಸನು ಅಷ್ಟನ್ನೂ ಬಿಟ್ಟುಬಿಟ್ಟನು. ಸೇವಕನೋ, ತನಗೆ ಕೇವಲ 100 ದಿನಗಳ ಕೂಲಿಯಷ್ಟು ಕೊಡಬೇಕಾಗಿದ್ದ ಜೊತೆಯವನ ಕುತ್ತಿಗೆ ಹಿಡಿದು, ಅವನನ್ನು ಸೆರೆಗೆ ಹಾಕಿಸಿದನು. ಕ್ಷಮೆ ಪಡೆದವನು ಕ್ಷಮಿಸಲಾರದೆ ಹೋದುದೇ ಇಲ್ಲಿನ ದುರಂತ. ಈ ಕಥೆಯು ಆ ಪ್ರಾರ್ಥನೆಗೆ ಬರೆದ ಭಾಷ್ಯದಂತಿದೆ. ತೆಲುಗಿನಲ್ಲಿ ಓದುವವನಿಗೆ ಸಾಲದ ಭಾವವೇ ಎರಡನ್ನೂ ಕೂಡಿಸುತ್ತದೆ. ಕನ್ನಡದಲ್ಲಿ ಓದುವವನು ಪ್ರಾರ್ಥನೆಯಲ್ಲಿ ತಪ್ಪನ್ನೂ ಕಥೆಯಲ್ಲಿ ಸಾಲವನ್ನೂ ಕಂಡು, ನಂಟನ್ನು ತಾನೇ ಊಹಿಸಿಕೊಳ್ಳಬೇಕಾಗುತ್ತದೆ.

ಪ್ರಾರ್ಥನೆಯಲ್ಲಿ ಬಿಟ್ಟುದನ್ನು ಕನ್ನಡವು ಇನ್ನೊಂದೆಡೆ ಚೆನ್ನಾಗಿ ತುಂಬಿಕೊಂಡಿದೆ. ಮಾರ್ಕನ 10ನೆಯ ಅಧ್ಯಾಯದಲ್ಲಿ ಏಸು ಅನೇಕರಿಗಾಗಿ ಪ್ರಾಣ ಕೊಡುವ ಮಾತು ಬರುತ್ತದೆ. ಅಲ್ಲಿ ತೆಲುಗಿನವರು ‘ಕ್ರಯಧನ’ವೆಂಬ ಸಂಸ್ಕೃತ ಸಮಾಸವನ್ನು ಬಳಸಿದರೆ, ಕನ್ನಡದಲ್ಲಿ ‘ಈಡು’ ಎಂಬ ಅಚ್ಚಗನ್ನಡ ಪದವಿದೆ. ಅದರ ಜೊತೆಗೆ ‘ಬಿಡಿಸು’ ಎಂಬ ಕ್ರಿಯೆಯಿದೆ. ಹೊಲವನ್ನು ಈಡು ಮಾಡಿದವನಿಗೂ ಒತ್ತೆಯಿಟ್ಟ ಒಡವೆಯನ್ನು ಬಿಡಿಸಿ ತಂದವಳಿಗೂ ಈ ಮಾತಿಗೆ ಟೀಕೆ ಬೇಕಿಲ್ಲ. ಬರಗಾಲವನ್ನು ಬಲ್ಲ ನಮ್ಮ ಸೀಮೆಯಲ್ಲಿ ವಿಮೋಚನೆಯ ಅರ್ಥವನ್ನು ಇದಕ್ಕಿಂತ ಹತ್ತಿರ ತಂದ ಪದ ಬೇರೊಂದಿಲ್ಲ.

ಹಾಗಾದರೆ ಪಾಪವು ಲೆಕ್ಕದ ಸಾಲವೇ? ಲೂಕನ 15ನೆಯ ಅಧ್ಯಾಯದ ಕಥೆ ಇದನ್ನು ಒಪ್ಪುವುದಿಲ್ಲ. ಆಸ್ತಿ ಕಳೆದುಕೊಂಡ ಮಗನು ಹಿಂದಿರುಗುವ ಮುನ್ನ, ತಂದೆಯ ಮುಂದೆ ಆಡಬೇಕಾದ ಮಾತನ್ನು ಕಟ್ಟಿಕೊಳ್ಳುತ್ತಾನೆ. ಕೂಲಿಯವನನ್ನಾಗಿ ಇಟ್ಟುಕೊಳ್ಳೆಂಬುದೇ ಅದರ ಕೊನೆಯ ಭಾಗ. ತಂದೆಯೆದುರು ಆ ಭಾಗ ಹೊರಬರುವುದೇ ಇಲ್ಲ. ಅಷ್ಟರಲ್ಲಿ ತಂದೆ ಆಳುಗಳನ್ನು ಕರೆದು ಅಂಗಿ, ಉಂಗುರ, ಜೋಡು ತರಿಸುತ್ತಾನೆ. ದುಡಿದು ತೀರಿಸುವ ದಾರಿಯನ್ನು ತಂದೆ ಮುಚ್ಚಿಬಿಟ್ಟನು, ಮಗನೆಂಬ ಸಂಬಂಧವನ್ನು ಮರಳಿ ಕೊಟ್ಟನು. ನಮ್ಮ ದೇಶದಲ್ಲಿ 1976ರ ಕಾಯಿದೆಯು ಜೀತದ ಸಾಲವನ್ನು ರದ್ದುಮಾಡಿತು. ಕಾಯಿದೆ ಸಾಲವನ್ನು ಅಳಿಸಬಲ್ಲದು. ಕೆಟ್ಟ ಸಂಬಂಧವನ್ನು ಕೂಡಿಸಲು ಕ್ಷಮೆಯೇ ಬೇಕು.

ಆದುದರಿಂದ ಋಣವೂ ತಪ್ಪೂ ಒಂದನ್ನೊಂದು ತಿದ್ದುವ ಪದಗಳು. ತಪ್ಪು ಎಂದಷ್ಟೇ ಹೇಳಿದರೆ ಕ್ಷಮೆ ಅಗ್ಗದ ಮಾತಾಗಿ, ಅದಕ್ಕೆ ತೆತ್ತ ಬೆಲೆ ಮರೆತುಹೋದೀತು. ಋಣವೆಂದಷ್ಟೇ ಹೇಳಿದರೆ ದೇವರು ಲೆಕ್ಕಿಗನಾಗಿಬಿಟ್ಟಾನು. ಎರಡು ನುಡಿಯ ಮಕ್ಕಳಿಗೆ ಪಾಠ ಹೇಳುವ ನಾವು ಮತಭೇದವೆಣಿಸದೆ ಇಂಥ ಗ್ರಂಥಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು. ಗಡಿಯಲ್ಲಿರುವುದು ಕೊರತೆಯೆಂದು ಕೊರಗುವವರಿಗೆ, ಒಂದು ನುಡಿ ಬಿಟ್ಟುದನ್ನು ಇನ್ನೊಂದು ನುಡಿ ಹಿಡಿದಿರುವುದು ಆಗ ಕಂಡೀತು.