ಜಾಥಾದಿಂದ ರಕ್ತ ಹೆಚ್ಚುವುದಿಲ್ಲ

ಬೀದರ್ ಜಿಲ್ಲೆಯ ಆರೋಗ್ಯದ ಮಾತು ಬಂದಾಗಲೆಲ್ಲ ಸಭೆಗಳಲ್ಲಿ ಒಂದೇ ತೀರ್ಪು ಕೇಳಿಬರುತ್ತದೆ: ಜನರಿಗೆ ತಿಳಿವಳಿಕೆ ಸಾಲದು, ಜಾಗೃತಿ ಮೂಡಿಸಬೇಕು. ಅದರ ಬೆನ್ನಿಗೇ ಜಾಥಾ ಹೊರಡುತ್ತದೆ, ಗೋಡೆಗೆ ಭಿತ್ತಿಪತ್ರ ಏರುತ್ತದೆ, ಈಚೆಗೆ ಮೊಬೈಲ್ ಆ್ಯಪ್ ಕೂಡ ಬರುತ್ತದೆ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಮೈಯಲ್ಲಿ ರಕ್ತ ಕಡಿಮೆಯಾದರೆ ಏನಾಗುತ್ತದೆಂದು ಔರಾದಿನ ತಾಂಡಾದ ತಾಯಿಗೂ ಗೊತ್ತು, ಭಾಲ್ಕಿಯ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಗಳಿಗೂ ಗೊತ್ತು. ಗೊತ್ತಿದ್ದದ್ದನ್ನು ದಿನವೂ ಪಾಲಿಸಲು ಬೇಕಾದ ಅನುಕೂಲವನ್ನು ವ್ಯವಸ್ಥೆ ಮಾಡಿಕೊಟ್ಟಿಲ್ಲ.

ರಕ್ತಹೀನತೆ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1970ರಲ್ಲಿ. ಇಷ್ಟು ಕಾಲದ ಪ್ರಚಾರದ ನಂತರವೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನರು ಶೇ. 65.5. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 60.9 ಇತ್ತು. ಏರಿಕೆಗೆ ಕಾರಣ ಹಲವಿರಬಹುದು. ಆದರೆ ಬೋಧನೆಯೊಂದೇ ಸಾಕಾಗಿದ್ದರೆ ಈ ಅಂಕಿ ಇಳಿಯಬೇಕಿತ್ತು.

ಇನ್ನೊಂದು ಉದಾಹರಣೆ ನಮ್ಮ ಕಣ್ಣೆದುರೇ ಇದೆ. 2021ರ ಡಿಸೆಂಬರಿನಲ್ಲಿ ಬೀದರ್ ಸೇರಿದಂತೆ ಏಳು ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡತೊಡಗಿದರು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು, ರಾಜ್ಯದ ತುಂಬ ಚರ್ಚೆ ನಡೆಯಿತು. ಮಕ್ಕಳು ಮಾತ್ರ ತಟ್ಟೆಗೆ ಬಂದ ಮೊಟ್ಟೆಯನ್ನು ತಿಂದರು. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ನಡೆಸಿದ ಅಧ್ಯಯನದಲ್ಲಿ, ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳ ತೂಕ ಮೊಟ್ಟೆಯಿಲ್ಲದ ಗದಗಿನ ಮಕ್ಕಳಿಗಿಂತ ಹೆಚ್ಚು ಏರಿದ್ದು ಕಂಡಿತು. ಮುಂದೆ ಇಡೀ ರಾಜ್ಯಕ್ಕೆ ಮೊಟ್ಟೆ ಹೋಯಿತು. ಪ್ರೋಟೀನಿನ ಮೇಲೆ ಭಾಷಣ ಕೇಳಿ ಆ ಮಕ್ಕಳು ಬದಲಾಗಲಿಲ್ಲ. ಹಸಿವಾಗುವ ಹೊತ್ತಿಗೆ, ಕುಳಿತ ಜಾಗಕ್ಕೆ, ಕಾಸಿಲ್ಲದೆ ಮೊಟ್ಟೆ ಬಂತು. ಬೀದರ್ ಜಿಲ್ಲೆ ಕಂಡ ನಿಜವಾದ ಹೊಸತನ ಅದು.

ಬಿ.ಪಿ., ಶುಗರ್ ಗುಳಿಗೆ ದಿನವೂ ಬೇಕಾದ ದೊಡ್ಡವರ ವಿಷಯದಲ್ಲಿ ಇದೇ ಬುದ್ಧಿ ಓಡುತ್ತಿಲ್ಲ. 2022ರಲ್ಲಿ ಶುರುವಾದ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಿಗೆ ಆಗ ಗೊತ್ತುಮಾಡಿದ ಹೊತ್ತು ಬೆಳಿಗ್ಗೆ 9ರಿಂದ ಸಂಜೆ 4.30. ಬೀದರ್ ನಗರದ ಕಟ್ಟಡ ಕೂಲಿಯವರು ದುಡಿಯುವ ಹೊತ್ತೂ ಅದೇ. ಔರಾದಿನಿಂದ ಬೀದರಿನ ಬ್ರಿಮ್ಸ್ ಆಸ್ಪತ್ರೆಗೆ ಸುಮಾರು 40 ಕಿ.ಮೀ. ದಾರಿ. 2023ರ ಜೂನಿನಿಂದ ಶಕ್ತಿ ಯೋಜನೆ ಹೆಂಗಸರ ಬಸ್ ಚಾರ್ಜನ್ನು ಉಳಿಸಿದೆ, ಆದರೆ ಹೋದ ದಿನದ ಕೂಲಿ ಹೋದದ್ದೇ. ಬಿ.ಪಿ. ಗುಳಿಗೆ ನಿಂತದ್ದಕ್ಕೆ ಅಸಡ್ಡೆ ಎಂದು ಹೆಸರಿಡುವ ಮೊದಲು ಈ ಲೆಕ್ಕ ಹಾಕಬೇಕು. ಹೈದರಾಬಾದಿಗೋ ಪುಣೆಗೋ ಗುಳೆ ಹೋದ ಕುಟುಂಬಕ್ಕಂತೂ ಗುಳಿಗೆ ಕೊಡುವ ಊರೇ ಹಿಂದೆ ಉಳಿಯುತ್ತದೆ.

2024ರಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆ ಮನೆ ಬಾಗಿಲಲ್ಲೇ ಬಿ.ಪಿ., ಶುಗರ್ ತಪಾಸಣೆ ಮಾಡುತ್ತದೆ. ದಿಕ್ಕು ಸರಿಯಾಗಿದೆ. ಆದರೆ ರೋಗ ಪತ್ತೆಯಾದದ್ದು ಕೆಲಸದ ಮೊದಲರ್ಧ ಮಾತ್ರ. ಗುಳಿಗೆ ತಿಂಗಳು ತಿಂಗಳು ತಪ್ಪದೆ ಕೈಸೇರುವುದು ಉಳಿದರ್ಧ.

ತಿಳಿವಳಿಕೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಕಬ್ಬಿಣಾಂಶದ ಗುಳಿಗೆ ತಿಂದರೆ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ, ಗುಳಿಗೆಯ ಜೊತೆ ಚಹಾ ಕುಡಿಯಬಾರದು ಎಂದು ಪರಿಚಯದ ಆಶಾ ಕಾರ್ಯಕರ್ತೆ ಹೇಳಿದರೆ ಆ ಮಾತು ಕೆಲಸ ಮಾಡುತ್ತದೆ, ಏಕೆಂದರೆ ಅದು ಗುಳಿಗೆ ಕೈಯಲ್ಲಿರುವಾಗ ಹುಟ್ಟುವ ಪ್ರಶ್ನೆಗೆ ಉತ್ತರ. ಪೋಲಿಯೊ ಹೋದದ್ದೂ ಹೀಗೆಯೇ. ಪ್ರಚಾರ ಜೋರಾಗಿತ್ತು, ನಿಜ. ಆದರೆ ಲಸಿಕೆಯ ಹನಿಯೂ ಮನೆಗೆ, ಬಸ್ ನಿಲ್ದಾಣಕ್ಕೆ, ಇಟ್ಟಿಗೆ ಭಟ್ಟಿಗೆ ಹೋಯಿತು. 2014ರಲ್ಲಿ ಭಾರತ ಪೋಲಿಯೊಮುಕ್ತ ಎನಿಸಿತು.

ಆದ್ದರಿಂದ ಬೇಡಿಕೆ ಸ್ಪಷ್ಟವಾಗಿರಲಿ. ಭಾಲ್ಕಿ, ಔರಾದ್ ತಾಲ್ಲೂಕುಗಳಲ್ಲಿ ವಾರದ ಸಂತೆಯ ದಿನ ಸಂತೆಯಲ್ಲೇ ಗುಳಿಗೆ ಸಿಗಲಿ. ನಗರದ ಕ್ಲಿನಿಕ್ ಸಂಜೆ ತೆರೆದಿರಲಿ. ಗುಳೆ ಹೊರಡುವವರಿಗೆ ಮೂರು ತಿಂಗಳ ಔಷಧಿ ಒಟ್ಟಿಗೆ ಕೊಡಲಿ. ಇಲಾಖೆಯ ವರದಿಯಲ್ಲಿ ನಡೆದ ಶಿಬಿರಗಳ ಸಂಖ್ಯೆ ಮೊದಲು ಬರುವುದು ನಿಲ್ಲಲಿ. ಗುಳಿಗೆ ಶುರುಮಾಡಿದವರಲ್ಲಿ ಆರನೇ ತಿಂಗಳೂ ತೆಗೆದುಕೊಳ್ಳುತ್ತಿರುವವರು ಎಷ್ಟು ಎಂಬ ಲೆಕ್ಕ ಆ ಜಾಗಕ್ಕೆ ಬರಲಿ. ಆ ಸಂಖ್ಯೆ ಕಡಿಮೆಯಿದ್ದರೆ ಉತ್ತರ ಕೊಡಬೇಕಾದವರು ಗುಳಿಗೆ ಬಿಟ್ಟ ಜನರಲ್ಲ, ಅದನ್ನು ತಲುಪಿಸಬೇಕಿದ್ದವರು.