ಕರ್ರಿಯ ವಾರ್ಮ್ ಅಪ್: ಕಂಡದ್ದೆಷ್ಟು, ಕಲಿತದ್ದೆಷ್ಟು?

ಪಂದ್ಯ ಶುರುವಾಗಲು ಇನ್ನೂ ಗಂಟೆಗೂ ಹೆಚ್ಚು ಸಮಯ ಇರುವಾಗಲೇ ಜನ ಬಂದು ಕೂರುತ್ತಾರೆ. ಅವರು ನೋಡಲು ಬಂದಿರುವುದು ಒಬ್ಬ ಆಟಗಾರ ಮೈ ಬಿಸಿ ಮಾಡಿಕೊಳ್ಳುವುದನ್ನು. ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಸ್ಟೀಫನ್ ಕರ್ರಿಯ ವಾರ್ಮ್ ಅಪ್ ತಾನೇ ಒಂದು ಪ್ರದರ್ಶನವಾಗಿ ವರ್ಷಗಳೇ ಆದವು. ಮೊಬೈಲಿನಲ್ಲಿ ಅದನ್ನು ನೋಡದ ಬಾಸ್ಕೆಟ್‌ಬಾಲ್ ಹುಡುಗರು ನಮ್ಮಲ್ಲೂ ಸಿಗುವುದು ಕಷ್ಟ.

ಮೊದಲು ಎರಡು ಚೆಂಡು. ಎರಡೂ ಒಟ್ಟಿಗೆ ನೆಲಕ್ಕೆ ಬಿದ್ದು ಒಟ್ಟಿಗೆ ಏಳುತ್ತವೆ; ಆಮೇಲೆ ಒಂದು ಏಳುವಾಗ ಇನ್ನೊಂದು ಬೀಳುತ್ತದೆ. ಕಾಲುಗಳ ನಡುವೆ, ಬೆನ್ನ ಹಿಂದೆ ಹಾಯುತ್ತವೆ. ಅಂಗೈ ಚೆಂಡಿಗೆ ಅಂಟುವುದಿಲ್ಲ, ಕೆಲಸವೆಲ್ಲ ಬೆರಳುಗಳದ್ದೇ. ಮಂಡಿ ಬಾಗಿರುತ್ತದೆ, ಕತ್ತು ಮಾತ್ರ ಬಾಗುವುದಿಲ್ಲ. ನಂತರ ರಿಂಗಿನ ಹತ್ತಿರದಿಂದ ಎರಡೂ ಕೈಯಲ್ಲಿ ಸಣ್ಣ ಹೊಡೆತಗಳು, ಅಲ್ಲಿಂದ ಹೆಜ್ಜೆ ಹೆಜ್ಜೆಗೂ ದೂರ ಸರಿಯುತ್ತಾ ಮೂರು ಪಾಯಿಂಟಿನ ಗೆರೆ, ಅದರಾಚೆಗೆ ಕೋರ್ಟಿನ ನಡುಭಾಗ. ತಂಡ ಓಕ್‌ಲ್ಯಾಂಡಿನ ಒರಾಕಲ್ ಅರೀನಾದಲ್ಲಿ ಆಡುತ್ತಿದ್ದ ಕಾಲದಲ್ಲಿ ಒಳಗೆ ಹೋಗುವ ಸುರಂಗದ ಬಾಯಲ್ಲಿ ನಿಂತು ಎಸೆಯುವ ಹೊಡೆತದೊಂದಿಗೆ ಮಂಗಳ.

ಈ ಕ್ರಮದ ಜಾಣತನ ಅದರ ಅನುಕ್ರಮದಲ್ಲಿದೆ. ಬೆರಳು, ಮಣಿಕಟ್ಟು, ಮಂಡಿ ಒಂದೊಂದಾಗಿ ಎಚ್ಚರವಾಗುತ್ತವೆ. ಹತ್ತಿರದ ಹೊಡೆತ ಕೈಗೆ ಹತ್ತಿದ ಮೇಲೆ ದೂರದ್ದು. ನಮ್ಮ ಹುಡುಗರು ಮಾಡುವುದು ಇದಕ್ಕೆ ಉಲ್ಟಾ. ಕೋರ್ಟಿಗೆ ಕಾಲಿಟ್ಟ ಕೂಡಲೇ ಗೆರೆಯಾಚೆಯಿಂದ ಬೀಸಿ ಎಸೆಯುವುದು, ಹತ್ತು ತಪ್ಪಿದ ಮೇಲೆ ಒಂದು ಬಿದ್ದರೆ ಕುಣಿಯುವುದು. ವಾರ್ಮ್ ಅಪ್ ಅಲ್ಲಿಗೆ ಮುಗಿಯಿತು!

ಆದರೆ ಇದನ್ನೇ ಡ್ರಿಬ್ಲಿಂಗ್ ಪಾಠ ಎಂದು ತಿಳಿದವರ ಬಗ್ಗೆ ನನಗೆ ತಕರಾರಿದೆ. ಕಛೇರಿಗೆ ಮೊದಲು ಮೃದಂಗದವರು ಶ್ರುತಿ ಮಾಡಿಕೊಳ್ಳುತ್ತಾರಲ್ಲ, ಕರ್ರಿ ಮಾಡುವುದೂ ಅದೇ. ಸಾಧನೆ ಬೇರೆಲ್ಲೋ ಆಗಿರುತ್ತದೆ. ಎರಡು ಚೆಂಡಿನ ಅಭ್ಯಾಸದಿಂದ ಎಡಗೈಯ ಸೋಮಾರಿತನ ಬಿಡುತ್ತದೆ, ಕಣ್ಣು ಚೆಂಡಿನಿಂದ ಮೇಲೇಳುತ್ತದೆ. ಇದು ನಿಜವಾದ ಲಾಭ. ಆದರೆ ಅಲ್ಲಿ ಎದುರಾಳಿ ಇಲ್ಲ. ಚೆಂಡಿಗೆ ಕೈ ಹಾಕುವವನಿಲ್ಲದಾಗ ಭುಜ ಅಡ್ಡ ಕೊಡುವ ಅಗತ್ಯ ಬೀಳುವುದಿಲ್ಲ, ಯಾವಾಗ ವೇಗ ತಗ್ಗಿಸಬೇಕು, ಯಾವಾಗ ನುಗ್ಗಬೇಕು ಎಂಬ ತೀರ್ಮಾನವೂ ಬೇಕಾಗುವುದಿಲ್ಲ. ಡ್ರಿಬಲ್ ಕೆಡುವುದು ಹೆಚ್ಚಾಗಿ ಈ ತೀರ್ಮಾನದಲ್ಲೇ. ನಿಂತಲ್ಲೇ ಎರಡು ಚೆಂಡು ಕುಣಿಸುವ ಹುಡುಗ ಪಂದ್ಯದಲ್ಲಿ ಇಬ್ಬರು ಮುತ್ತಿಕೊಂಡ ತಕ್ಷಣ ಚೆಂಡನ್ನು ಎರಡೂ ಕೈಯಲ್ಲಿ ಅವುಚಿಕೊಂಡು ನಿಂತುಬಿಡುವುದನ್ನು ಯಾವ ಕಾಲೇಜು ಟೂರ್ನಿಯಲ್ಲಾದರೂ ನೋಡಬಹುದು.

ಇನ್ನೊಂದು ಕೊರತೆ ನೋಡುವವರದ್ದು. ಕ್ಯಾಮೆರಾ ತೋರಿಸುವುದು ಕೈಯನ್ನು. ಕರ್ರಿಯ ಕತೆಯಲ್ಲಿ ನಿಜವಾಗಿ ಸಂಕಟ ಕೊಟ್ಟದ್ದು ಕಾಲು. 2011ರಲ್ಲಿ, ಮತ್ತೆ 2012ರಲ್ಲಿ ಬಲ ಪಾದದ ಗೆಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. 2011-12ರ ಸೀಸನ್ನಿನಲ್ಲಿ ಆಡಿದ್ದು ಬರೀ 26 ಪಂದ್ಯ. ಆಮೇಲೆ ತಂಡದ ದೈಹಿಕ ತರಬೇತುದಾರರು ಸೊಂಟ, ಪೃಷ್ಠದ ಸ್ನಾಯುಗಳಿಗೆ ಬಲ ತುಂಬಿಸಿದರು. ತಿರುಗುವಾಗ, ನಿಲ್ಲುವಾಗ ಬೀಳುವ ಭಾರವನ್ನು ಗೆಣ್ಣೊಂದೇ ಹೊರಬಾರದು ಎಂಬುದು ಲೆಕ್ಕ. ಮರುವರ್ಷ 272 ಮೂರು ಪಾಯಿಂಟಿನ ಹೊಡೆತ, ಆಗಿನ ದಾಖಲೆ. 2015-16ರಲ್ಲಿ ಅದು 402ಕ್ಕೆ ಏರಿತು. ಭಾರ ಎತ್ತುವ ಆ ಕೋಣೆಯ ಬೆವರಿಗೆ ಟಿಕೆಟ್ ಇಲ್ಲ, ಹಾಗಾಗಿ ಅನುಕರಣೆಯೂ ಇಲ್ಲ.

ಸಿಮೆಂಟ್ ಕೋರ್ಟಿನಲ್ಲಿ ಆಡುವ ನಮ್ಮವರಿಗೆ ಈ ಕಾಣದ ಭಾಗವೇ ಹೆಚ್ಚು ಬೇಕು. ಸಾಲಾಗಿ ನಿಂತು ಕಾಲು ಎಳೆದು ಹಿಡಿದು ಅಂಕಿ ಎಣಿಸುವ ಹಳೆಯ ಪದ್ಧತಿ ಇನ್ನೂ ಹೋಗಿಲ್ಲ. ಒಂದು ಸ್ನಾಯುವನ್ನು ನಿಮಿಷಕ್ಕೂ ಮೀರಿ ಹಾಗೆ ಎಳೆದು ಹಿಡಿದರೆ ಜಿಗಿತದ ಬಲ ಸ್ವಲ್ಪ ಹೊತ್ತು ಕುಗ್ಗುತ್ತದೆ; ಆ ಎಳೆತ ಆಟ ಮುಗಿದ ಮೇಲೆ ಇರಲಿ. ಮೊದಲು ಹಗುರ ಓಟ, ಅಡ್ಡ ಹೆಜ್ಜೆ, ಮಂಡಿ ಮೇಲೆತ್ತಿ ನಡೆಯುವುದು, ಒಂಟಿಕಾಲಿನಲ್ಲಿ ಕುಪ್ಪಳಿಸಿ ಅಲುಗದೆ ನಿಲ್ಲುವುದು. ಚೆಂಡು ಆಮೇಲೆ.

ಕೋಚ್‌ಗಳಲ್ಲಿ ಒಂದು ಕೋರಿಕೆ. ಎರಡು ಚೆಂಡಿನ ಅಭ್ಯಾಸ ಖಂಡಿತ ಮಾಡಿಸಿ, ಐದು ನಿಮಿಷ ಸಾಕು. ಆರನೇ ನಿಮಿಷಕ್ಕೆ ಒಂದು ಚೆಂಡನ್ನು ಕಿತ್ತುಕೊಂಡು, ಆ ಹುಡುಗನ ಎದುರಿಗೆ ಒಬ್ಬ ಎದುರಾಳಿಯನ್ನು ನಿಲ್ಲಿಸಿ.